ಜೇನುಪೆಟ್ಟಿಗೆಗಳ ನೋಂದಣಿ ಮತ್ತು ರೋಗನಿಯಂತ್ರಣ: ನ್ಯೂಜಿಲೆಂಡಿನ ನಿಯಮ, ಕರ್ನಾಟಕದ ತುಡುವೆ

ಜೇನು ಸಾಕಣೆಯ ನೋಂದಣಿಯಲ್ಲಿ ಎರಡು ಬಗೆ: ಸಾಕುವವರನ್ನು ದಾಖಲಿಸುವುದು, ಪೆಟ್ಟಿಗೆ ಇಟ್ಟ ಜಾಗವನ್ನು ದಾಖಲಿಸುವುದು. ರೋಗ ತಡೆಯಲು ನಿಜವಾಗಿ ಒದಗುವುದು ಎರಡನೆಯದು ಎಂಬುದು ಈ ಲೇಖನದ ವಾದ.

ನ್ಯೂಜಿಲೆಂಡಿನಲ್ಲಿ ಜೈವಿಕ ಸುರಕ್ಷತಾ ಕಾಯಿದೆಯಡಿ 1998ರಲ್ಲಿ ಹೊರಟ ಆದೇಶದ ಗುರಿ ಒಂದೇ: ಮರಿಹುಳುಗಳನ್ನು ಕೊಲ್ಲುವ ಅಮೆರಿಕನ್ ಫೌಲ್‌ಬ್ರೂಡ್ ರೋಗದ ನಿರ್ಮೂಲನೆ. ಸತತ 30 ದಿನಗಳಿಗಿಂತ ಹೆಚ್ಚು ಕಾಲ ಪೆಟ್ಟಿಗೆ ಇಡುವ ಪ್ರತಿಯೊಂದು ಜಾಗವೂ ನೋಂದಣಿಯಾಗಬೇಕು. ಹವ್ಯಾಸಕ್ಕೆ ಒಂದೇ ಪೆಟ್ಟಿಗೆ ಇಟ್ಟವರಿಗೂ ಇದು ಅನ್ವಯ. ರೋಗ ಕಂಡ 7 ದಿನಗಳೊಳಗೆ ವರದಿ ಮಾಡಿ, ಆ ಜೇನು ಕುಟುಂಬವನ್ನು ಸುಟ್ಟು ನಾಶಪಡಿಸಬೇಕು. ಇಷ್ಟು ಬಿಗಿಗೆ ಕಾರಣ ರೋಗಾಣುವಿನ ಸ್ವಭಾವ. ಅದರ ಬೀಜಕಣಗಳು ಎರಿಯಲ್ಲೂ ಪೆಟ್ಟಿಗೆಯ ಮರದಲ್ಲೂ ದಶಕಗಳ ಕಾಲ ಉಳಿಯಬಲ್ಲವು. ಪ್ರತಿಜೀವಕ ಕೊಟ್ಟರೆ ರೋಗಲಕ್ಷಣ ಮರೆಯಾಗುತ್ತದೆ, ಬೀಜಕಣ ಸಾಯುವುದಿಲ್ಲ. ಹೀಗಾಗಿ ಔಷಧ ಕೊಟ್ಟು ರೋಗ ಮುಚ್ಚಿಡುವುದಕ್ಕೂ ಅಲ್ಲಿ ನಿಷೇಧವಿದೆ.

ಭಾರತದಲ್ಲಿ ಜೇನು ಸಾಕುವವರನ್ನು ದಾಖಲಿಸುವ, ರಾಷ್ಟ್ರೀಯ ಜೇನು ಮಂಡಳಿಯ ‘ಮಧುಕ್ರಾಂತಿ’ ಜಾಲತಾಣ 2021ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಜೇನುತುಪ್ಪದ ಮೂಲವನ್ನು ಪತ್ತೆಹಚ್ಚಿ ಕಲಬೆರಕೆ ತಡೆಯುವುದು ಅದರ ಮುಖ್ಯ ಆಶಯ. ಆಶಯ ಒಳ್ಳೆಯದೇ, ಆದರೆ ಅದರ ಕಣ್ಣು ಮಾರುಕಟ್ಟೆಯ ಮೇಲಿದೆ.

ಕರ್ನಾಟಕಕ್ಕೆ ರೋಗದ ಪಾಠ ಹೊಸದಲ್ಲ. 1990ರ ದಶಕದ ಆರಂಭದಲ್ಲಿ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಕೊಡಗು, ದಕ್ಷಿಣ ಕನ್ನಡಗಳ ತುಡುವೆ (ಸ್ಥಳೀಯ ಜೇನುನೊಣ) ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿತು. ಪೀಳಿಗೆಗಳಿಂದ ಜೇನು ಸಾಕಿದ್ದ ಮನೆಗಳಲ್ಲಿ ಪೆಟ್ಟಿಗೆಗಳು ಬರಿದಾದವು. ರಬ್ಬರ್ ಚಿಗುರುವ ಕಾಲಕ್ಕೆ ತೋಟದಿಂದ ತೋಟಕ್ಕೆ ಪೆಟ್ಟಿಗೆ ಸಾಗಿಸುವ ರೂಢಿ ಕರಾವಳಿಯಲ್ಲಿ ಇಂದಿಗೂ ಇದೆ. ಯಾವ ಪೆಟ್ಟಿಗೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ದಾಖಲೆಯಿಲ್ಲದಿದ್ದರೆ ರೋಗದ ಜಾಡು ಹಿಡಿದು ನೆರೆಯ ಕೃಷಿಕರನ್ನು ಎಚ್ಚರಿಸುವ ದಾರಿಯೇ ಇರುವುದಿಲ್ಲ.

ಹಾಗೆಂದು ನ್ಯೂಜಿಲೆಂಡಿನ ನಿಯಮವನ್ನು ಇಡಿಯಾಗಿ ಇಲ್ಲಿಗೆ ತರಲಾಗದು. ಮೊದಲನೆಯದಾಗಿ, ಅಲ್ಲಿನ ಜೇನು ಹೊರಗಿನಿಂದ ಬಂದದ್ದು; ನಮ್ಮ ತುಡುವೆ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ತಾನಾಗಿ ಬಾಳುವ ಜೀವಿ. ಕಾಡಿನ ಕುಟುಂಬಗಳು ಯಾವ ಪಟ್ಟಿಗೂ ಸಿಗುವುದಿಲ್ಲ. ಎರಡನೆಯದಾಗಿ, ಇಲ್ಲಿನ ಶತ್ರು ವೈರಸ್. ಅದು ತಗುಲಿದ ಕುಟುಂಬಗಳಲ್ಲಿ ಕೆಲವು ಚೇತರಿಸಿಕೊಳ್ಳುತ್ತವೆ. ಕಂಡದ್ದನ್ನೆಲ್ಲ ಸುಟ್ಟರೆ ರೋಗ ತಡೆದುಕೊಂಡ ತಳಿಯೂ ಅದರೊಂದಿಗೆ ನಾಶವಾದೀತು.

ಆದ್ದರಿಂದ ನಾವು ಎರವಲು ಪಡೆಯಬೇಕಾದದ್ದು ದಹನದ ಶಿಕ್ಷೆಯನ್ನಲ್ಲ, ಜಾಗದ ದಾಖಲೆಯನ್ನು. ಕೃಷಿಕರ ಹೆಸರಿನ ಜೊತೆಗೆ ಪೆಟ್ಟಿಗೆಗಳ ನೆಲೆ, ಋತುವಾರು ಸ್ಥಳಾಂತರ ಮತ್ತು ರೋಗ ಕಂಡ ದಿನ ಈ ಮೂರೂ ಪಂಚಾಯತಿ ಮಟ್ಟದಲ್ಲಿ ದಾಖಲಾಗಬೇಕು. ರೋಗವನ್ನು ತಿಳಿಸಿದವರಿಗೆ ದಂಡದ ಭಯವಿರಬಾರದು, ಹೊಸ ಕುಟುಂಬದ ನೆರವು ಸಿಗಬೇಕು. ತೋಟಗಾರಿಕೆ ಇಲಾಖೆಯೂ ಜೇನು ಕೃಷಿಕರ ಸಹಕಾರ ಸಂಘಗಳೂ ಕೂಡಿ, ಮುಂದಿನ ಸೋಂಕಿಗೆ ಕಾಯದೆ ಈ ಕೆಲಸಕ್ಕೆ ಕೈಹಾಕಬೇಕು.