ಕಾಯ, ಕಾಯಕ ಮತ್ತು ವೈದ್ಯನ ಪ್ರಶ್ನೆ

‘ಕಾಯಕ’ ಎಂಬ ಶಬ್ದದೊಳಗೆ ‘ಕಾಯ’ ಅಡಗಿದೆ. ದೇಹದಿಂದ ದುಡಿಯುವುದು ಕಾಯಕ. 12ನೆಯ ಶತಮಾನದ ಶರಣರು ಈ ಮಾತಿಗೆ ತಂದುಕೊಟ್ಟ ಘನತೆಯನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ವ್ಯಾಖ್ಯಾನಗಳು ಬಂದಿವೆ. ಆದರೆ ಕಾಯಕವು ಕಾಯಕ್ಕೆ ಏನು ಮಾಡುತ್ತದೆ, ದುಡಿಮೆಯೇ ದುಡಿಯುವವನ ದೇಹವನ್ನು ಹೇಗೆ ತಿನ್ನಬಲ್ಲದು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ವಿಚಾರಿಸಿದ್ದು ಕಡಮೆ. ಆ ಪ್ರಶ್ನೆಯನ್ನು ಕೇಳಬೇಕಾದವನು ವೈದ್ಯ. ಅವನಾದರೂ ಕೇಳಿದನೆ? ಯಾವಾಗ ಕೇಳಿದ, ಕೇಳುವುದನ್ನು ಯಾರಿಂದ ಕಲಿತ? ಇದೇ ನನ್ನ ಇಂದಿನ ವಿಷಯ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಪ್ರಶ್ನೆಯೆಂಬುದು ಮಾತಿನ ವ್ಯವಹಾರವಾದ್ದರಿಂದ ಅದರ ಚರಿತ್ರೆಯನ್ನು ಹೇಳಲು ನನಗೂ ಅಲ್ಪಸ್ವಲ್ಪ ಅಧಿಕಾರವುಂಟೆಂದು ಭಾವಿಸಿದ್ದೇನೆ.

ನಮ್ಮ ಆಯುರ್ವೇದವು ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಮಾರ್ಗಗಳನ್ನು ಹೇಳಿತು. ನೋಡುವುದು, ಮುಟ್ಟುವುದು, ಕೇಳುವುದು. ಗ್ರೀಕ್ ವೈದ್ಯರಲ್ಲಿಯೂ ರೋಗಿಯನ್ನು ವಿಚಾರಿಸುವ ಪದ್ಧತಿ ಇತ್ತು. ಈ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಬೇಕೆಂದು ಬಲವಾಗಿ ವಾದಿಸಿದವನು ಇಟಲಿಯ ಬರ್ನಾರ್ದಿನೋ ರಾಮಾಜಿನಿ. ಮೊದೆನಾ ನಗರದಲ್ಲಿ ಅವನ ಮನೆಯ ಮಲಗುಂಡಿಯನ್ನು ಬಾಚುತ್ತಿದ್ದ ಕೆಲಸಗಾರನೊಬ್ಬ ಅತಿ ಅವಸರದಿಂದ ದುಡಿಯುತ್ತಿದ್ದುದನ್ನು ಕಂಡು, ಇಷ್ಟು ಆತುರವೇಕೆಂದು ಅವನು ಕೇಳಿದನಂತೆ. ಗುಂಡಿಯೊಳಗೆ ಹೆಚ್ಚು ಹೊತ್ತು ನಿಂತರೆ ಕಣ್ಣು ಉರಿದು ಕುರುಡಾಗುತ್ತದೆ ಎಂದು ಅವನಿಂದ ಉತ್ತರ ಬಂತು. ಅಲ್ಲಿಂದ ಮುಂದೆ ರಾಮಾಜಿನಿ ಕುಂಬಾರರ, ಬಣ್ಣ ಬಳಿಯುವವರ, ಕಲ್ಲುಕುಟಿಗರ, ಗಣಿಗಾರರ ಕೆಲಸದ ಜಾಗಗಳನ್ನು ಹೊಕ್ಕು ನೋಡಿ, 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ. ರೋಗಿಯನ್ನು ವಿಚಾರಿಸುವಾಗ ‘ನೀನು ಯಾವ ಕಸುಬಿನವನು?’ ಎಂದೂ ಕೇಳಬೇಕೆಂಬುದು ಅದರ ಮುಖ್ಯ ಬೋಧೆ. ಆಗ ಅವನ ವಯಸ್ಸು 67. ಅಷ್ಟಕ್ಕೇ ನಿಲ್ಲಿಸದೆ, ಇನ್ನೂ ಹಲವು ಕಸುಬುಗಳನ್ನು ಸೇರಿಸಿ 1713ರಲ್ಲಿ, ತನ್ನ 80ನೆಯ ವಯಸ್ಸಿನಲ್ಲಿ, ಎರಡನೆಯ ಆವೃತ್ತಿಯನ್ನು ಹೊರತಂದ. ವೈದ್ಯನ ವಿದ್ಯೆ ಪದವಿಯೊಂದಿಗೆ ಮುಗಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಈ ಪ್ರಶ್ನೆ ನಮ್ಮ ನಾಡಿನಲ್ಲಿ ಮೊದಲು ದೊಡ್ಡದಾಗಿ ಎದುರಾದದ್ದು ಕೋಲಾರದ ಚಿನ್ನದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿ ಅಲ್ಲಿಗೆ ಬಂದಮೇಲೆ ಗಣಿಗಳು ಆಳಕ್ಕೆ ಇಳಿಯುತ್ತ ಹೋದವು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಕೆಳಗೆ ಇಳಿಯಿತು. ಚಿನ್ನ ಹುದುಗಿದ್ದದ್ದು ಬೆಣಚುಕಲ್ಲಿನಲ್ಲಿ. ಆ ಕಲ್ಲನ್ನು ಕೊರೆದಾಗ ಏಳುವ ಸಿಲಿಕಾ ಧೂಳಿನಲ್ಲಿ ಕಣ್ಣಿಗೆ ಕಾಣುವ ಭಾಗ ಅಷ್ಟು ಅಪಾಯಕರವಲ್ಲ; ಕಾಣದಷ್ಟು ಸೂಕ್ಷ್ಮವಾದ ಕಣಗಳೇ ಶ್ವಾಸಕೋಶದ ತಳಕ್ಕೆ ಇಳಿದು, ಅಲ್ಲಿ ಗಂಟುಗಳನ್ನು ಕಟ್ಟಿ, ಮೆತ್ತನೆಯ ಅಂಗವನ್ನು ನಾರುನಾರಾಗಿ ಗಡುಸುಗೊಳಿಸುತ್ತವೆ. ಇದೇ ಸಿಲಿಕೋಸಿಸ್. ಧೂಳಿನಿಂದ ದೂರ ಸರಿದಮೇಲೂ ಇದು ಬೆಳೆಯಬಲ್ಲದು, ಗುಣಪಡಿಸುವ ಔಷಧವಿಲ್ಲ. ಇದು ಹೊಕ್ಕ ಎದೆಗೆ ಕ್ಷಯವೂ ಸುಲಭವಾಗಿ ತಗಲುತ್ತದೆ. ಕೆಮ್ಮು, ಏದುಸಿರು, ಕೃಶತೆ ಎರಡರಲ್ಲಿಯೂ ಕಾಣುವುದರಿಂದ, ರೋಗಿಯ ಕಸುಬನ್ನು ಕೇಳದ ವೈದ್ಯನು ಕ್ಷಯವೆಂದು ಬರೆದು ಔಷಧ ಕೊಟ್ಟು ಕಳುಹಿಸುವುದು ಸಹಜ.

ಕೋಲಾರದ ಗಣಿ ವೈದ್ಯರು ಕೇಳಿದರು. ಕೇಳಿ, ಕ್ಷ-ಕಿರಣದ ಚಿತ್ರಗಳನ್ನೂ ತೆಗೆದರು. ಕ್ಯಾಪ್ಲನ್ ಮತ್ತು ಬರ್ಡನ್ ಎಂಬವರ ಹೆಸರಿನಲ್ಲಿ 1947ರಲ್ಲಿ ಬಂದ ವರದಿಯ ಪ್ರಕಾರ, ಪರೀಕ್ಷೆಗೊಳಗಾದ 7,600ಕ್ಕೂ ಹೆಚ್ಚು ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಮೇಲ್ಪಟ್ಟವರಿಗೆ ಸಿಲಿಕೋಸಿಸ್ ಇತ್ತು. ಭಾರತದಲ್ಲಿ ಈ ರೋಗದ ಚರಿತ್ರೆಯನ್ನು ಬರೆಯುವವರು ಇಂದಿಗೂ ಉಲ್ಲೇಖಿಸುವ ವರದಿಯಿದು. ಇದರ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಆ ಸಾವಿರಾರು ಜನ ವರದಿ ಬಂದ ದಿನ ಹೊಸದಾಗಿ ರೋಗಿಗಳಾದವರಲ್ಲ. ಅದಕ್ಕೆ ಮೊದಲೂ ಕೆಮ್ಮುತ್ತಿದ್ದರು, ಸಾಯುತ್ತಿದ್ದರು. ಬದಲಾದದ್ದು ರೋಗದ ಹೆಸರು. ಕ್ಷಯವೆಂದು ಕರೆದರೆ ಅದು ರೋಗಿಯ ದುರದೃಷ್ಟ. ಸಿಲಿಕೋಸಿಸ್ ಎಂದು ಕರೆದರೆ ಅದು ಗಣಿಯ ಹೊಣೆ. ಹೆಸರಿನಿಂದ ಪರಿಹಾರದ ಹಕ್ಕು ಹುಟ್ಟುತ್ತದೆ, ಕೊರೆಯುವಾಗ ನೀರು ಹಾಯಿಸಿ ಧೂಳನ್ನು ಅಡಗಿಸಬೇಕೆಂಬ ಕರ್ತವ್ಯವೂ ಹುಟ್ಟುತ್ತದೆ. ನಾಮಕರಣದ ಈ ಶಕ್ತಿಯೇ ನಮ್ಮ ವಿಷಯದ ತಿರುಳು. 2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು.

ಸ್ವಾತಂತ್ರ್ಯ ಬಂದಮೇಲೆ ನಾಮಕರಣದ ಈ ಕೆಲಸಕ್ಕೆ ಶಾಸನದ ಬಲ ಬಂತು. 1948ರ ಕಾರ್ಖಾನೆಗಳ ಅಧಿನಿಯಮವು ಕೆಲವು ರೋಗಗಳನ್ನು ಪಟ್ಟಿ ಮಾಡಿ, ಅಂತಹ ರೋಗಿಯನ್ನು ಕಂಡ ವೈದ್ಯನು ಮುಖ್ಯ ನಿರೀಕ್ಷಕರಿಗೆ ಬರಹದಲ್ಲಿ ತಿಳಿಸಬೇಕೆಂದು ವಿಧಿಸಿತು. ಅದೇ ವರ್ಷ ಕೈಗಾರಿಕಾ ವೈದ್ಯರು ತಮ್ಮ ವಿದ್ಯೆಯ ಅಭ್ಯಾಸಕ್ಕಾಗಿ ಒಂದು ಸಂಘವನ್ನೂ ಕಟ್ಟಿಕೊಂಡರು. ಅದೇ ಮುಂದೆ ಭಾರತೀಯ ಔದ್ಯೋಗಿಕ ಆರೋಗ್ಯ ಸಂಘವಾಯಿತು. 1966ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ಸಂಶೋಧನ ಸಂಸ್ಥೆ 1970ರಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೆಂಬ ಹೆಸರು ಪಡೆಯಿತು. ದಕ್ಷಿಣ ಭಾರತಕ್ಕಾಗಿ ಅದರ ಪ್ರಾದೇಶಿಕ ಕೇಂದ್ರ 1977ರಲ್ಲಿ ಬೆಂಗಳೂರಿಗೆ ಬಂತು. ಈಗ ಅದು ದೇವನಹಳ್ಳಿಯ ಕಡೆ ಇದೆ.

1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ನಡೆಯಿತು. ಆ ರಾತ್ರಿ ಆಸ್ಪತ್ರೆಗಳಿಗೆ ಓಡಿಬಂದ ಸಾವಿರಾರು ಜನರ ಮುಂದೆ ನಿಂತ ವೈದ್ಯರಿಗೆ, ಸೋರಿದ ಅನಿಲ ಯಾವುದು, ಅದಕ್ಕೆ ಏನು ಚಿಕಿತ್ಸೆ ಎಂಬುದೇ ಸ್ಪಷ್ಟವಿರಲಿಲ್ಲ. ಕಾರ್ಖಾನೆಯ ಗೋಡೆ ಒಳಗಿನ ಕಾರ್ಮಿಕನನ್ನೂ ಹೊರಗಿನ ನೆರೆಯವನನ್ನೂ ಬೇರ್ಪಡಿಸುವುದಿಲ್ಲ ಎಂಬ ಪಾಠವನ್ನು ದೇಶ ಭಾರಿ ಬೆಲೆ ತೆತ್ತು ಕಲಿಯಿತು. 1987ರಲ್ಲಿ ಕಾರ್ಖಾನೆಗಳ ಅಧಿನಿಯಮಕ್ಕೆ ತಿದ್ದುಪಡಿಯಾಗಿ, ಅಪಾಯಕಾರಿ ಪ್ರಕ್ರಿಯೆಗಳಿಗೆ ಪ್ರತ್ಯೇಕ ಅಧ್ಯಾಯ ಸೇರಿತು. ಅಂತಹ ಕಾರ್ಖಾನೆಯಲ್ಲಿರುವ ವೈದ್ಯನಿಗೆ ಸಾಮಾನ್ಯ ಪದವಿಯೊಂದೇ ಸಾಲದು ಎಂಬ ತಿಳಿವಿನಿಂದ ಮೂರು ತಿಂಗಳ ಕೈಗಾರಿಕಾ ಆರೋಗ್ಯ ಶಿಕ್ಷಣ ನೆಲೆಯೂರಿತು. ಬೆಂಗಳೂರಿನ ಕೇಂದ್ರವೂ ಇದನ್ನು ನಡೆಸಿಕೊಂಡು ಬಂದಿದೆ.

ಗೋಡೆಯೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಕಾಸರಗೋಡಿನ ಕನ್ನಡ ಸೀಮೆಯನ್ನು ನೋಡಬೇಕು. ಅಲ್ಲಿನ ಸರ್ಕಾರಿ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ಬುಡದಲ್ಲಿ ಮನೆ, ಕುಡಿಯುವುದು ಗುಡ್ಡದೊಳಗಿನ ಸುರಂಗದ ನೀರು. ಎಣ್ಮಕಜೆ ಪಂಚಾಯಿತಿಯ ಪಡ್ರೆಯ ಬಳಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವವರಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ಮೂರ್ಛೆ, ಕ್ಯಾನ್ಸರುಗಳು ಒಂದೇ ಸೀಮೆಯಲ್ಲಿ ದಟ್ಟವಾಗಿರುವುದನ್ನು ಗಮನಿಸಿದರು. ಲೇಖಕ ಶ್ರೀಪಡ್ರೆಯವರು ಅದನ್ನು ನಾಡಿನ ಗಮನಕ್ಕೆ ತಂದರು. 2001ರಲ್ಲಿ ಅಹಮದಾಬಾದಿನ ಸಂಸ್ಥೆ ಪಡ್ರೆಯ ಮಕ್ಕಳನ್ನು ಪರೀಕ್ಷಿಸಿತು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಲ್ಲಿ ಈ ವಿಷದ ಬಳಕೆಗೆ ತಡೆಯಾಜ್ಞೆ ಕೊಟ್ಟಿತು. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಯಾವ ರೋಗಕ್ಕೆ ಎಷ್ಟರಮಟ್ಟಿಗೆ ಇದೇ ಕಾರಣ ಎಂಬ ವಿದ್ವಾಂಸರ ಚರ್ಚೆ ಬೇರೆ. ಆದರೆ ಹಳ್ಳಿಯ ವೈದ್ಯರೊಬ್ಬರು ರೋಗಿಯನ್ನು ಮಾತ್ರ ನೋಡದೆ, ಅವನು ಕುಡಿಯುವ ನೀರನ್ನೂ ಉಸಿರಾಡುವ ಗಾಳಿಯನ್ನೂ ಕುರಿತು ಕೇಳಿದ್ದರಿಂದ ಈ ಚರ್ಚೆ ಆರಂಭವಾಯಿತು ಎಂಬುದನ್ನು ಮರೆಯುವಂತಿಲ್ಲ. ರಾಮಾಜಿನಿಯ ಪ್ರಶ್ನೆಗೆ ಇಲ್ಲಿ ಇನ್ನೊಂದು ಸೇರಿತು: ‘ನೀವು ಇರುವುದು ಎಲ್ಲಿ?’

ಇನ್ನು ನಾನು ವಾಸಿಸುವ ದಕ್ಷಿಣ ಬೆಂಗಳೂರಿಗೆ ಬರೋಣ. ಜಯನಗರ, ಬನಶಂಕರಿಗಳನ್ನು ನೆನೆದಾಗ ಕಣ್ಣಿಗೆ ಬರುವುದು ಮರಗಳ ಸಾಲು, ಉದ್ಯಾನ, ಪುಸ್ತಕದಂಗಡಿ, ಸಂಗೀತ ಸಭೆ. ಆದರೆ ಹೊಸೂರು ರಸ್ತೆಯುದ್ದಕ್ಕೂ ಬೊಮ್ಮನಹಳ್ಳಿಯ ಕಡೆ ಬೆಳಗ್ಗೆ ಸಾಲುಗಟ್ಟಿ ನಡೆಯುವ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳೂ ಈ ಸೀಮೆಯವರೇ. ಅತ್ತ ಜಿಗಣಿಯಲ್ಲಿ ಗ್ರಾನೈಟ್ ಕತ್ತರಿಸಿ ಮೆರುಗು ಕೊಡುವ ಘಟಕಗಳಿವೆ. ಅಷ್ಟು ದೂರವೂ ಬೇಡ. ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಸೇರಿ ಬಿಟಿಎಂ ಎಂಬ ಮೂರಕ್ಷರವಾದ ಬಡಾವಣೆಯಲ್ಲಿ, ಜೆ.ಪಿ. ನಗರದ ಹಂತಹಂತಗಳಲ್ಲಿ, ಹಳೆಯ ಮನೆಯನ್ನು ಕೆಡವಿ ಹೊಸ ಮಹಡಿ ಎಬ್ಬಿಸುವ ಕಡೆಯೆಲ್ಲ ಯಂತ್ರದ ಚಕ್ರದಿಂದ ಕಲ್ಲು ಕೊಯ್ಯುವ ಹುಡುಗನನ್ನು ಕಾಣಬಹುದು. ಮುಖಕ್ಕೆ ಒಂದು ಕರವಸ್ತ್ರ. ಮೈಯೆಲ್ಲ ಬಿಳಿ ಧೂಳು. ಕೋಲಾರದ ಗಣಿ ಮುಚ್ಚಿದೆ, ಕೋಲಾರದ ಧೂಳು ನಮ್ಮ ಬೀದಿಗೆ ಬಂದಿದೆ. ಗಣಿಗೆ ಆಸ್ಪತ್ರೆಯಾದರೂ ಇತ್ತು. ಈ ಹುಡುಗನು ಇಂದು ಒಂದು ಮನೆಯಲ್ಲಿ, ನಾಳೆ ಇನ್ನೊಂದರಲ್ಲಿ ದುಡಿದು, ಉಸಿರು ಕಟ್ಟಿದ ದಿನ ತನ್ನ ಊರಿಗೆ ಹೊರಟುಹೋಗುತ್ತಾನೆ. ಅಲ್ಲಿನ ವೈದ್ಯನು ಕೇಳದಿದ್ದರೆ ಈ ಧೂಳಿನ ಸುಳಿವೇ ಉಳಿಯುವುದಿಲ್ಲ.

ಇಂತಹ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ಉದಾಹರಣೆ ನಮ್ಮ ನೆರೆಯಲ್ಲೇ ಉಂಟು. 1999ರ ಫೆಬ್ರವರಿಯಲ್ಲಿ ಸೀಸದ ವಿಷವನ್ನು ಕುರಿತು ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ಕಾರ್ಯದಲ್ಲಿ ತೊಡಗಿಕೊಂಡು, ಅಲ್ಲಿ ಸೀಸದ ವಿಷಕ್ಕೆ ಸಂಬಂಧಿಸಿದ ರಾಷ್ಟ್ರೀಯ ಪರಾಮರ್ಶನ ಕೇಂದ್ರವನ್ನು ಬೆಳೆಸಿದರು. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವವನಿಗೆ ಹೊಟ್ಟೆನುಲಿತ, ರಕ್ತಹೀನತೆ, ಮಣಿಕಟ್ಟು ಜೋಲುವುದು ಬರಬಹುದು. ಅವನ ಬಟ್ಟೆಯ ಧೂಳಿನಿಂದ ಮನೆಯ ಮಗುವಿನ ಬುದ್ಧಿಯೇ ಮಂಕಾಗಬಹುದು. ತಾಯಿಯು ಮಗು ಪಾಠದಲ್ಲಿ ಹಿಂದೆ ಎಂದು ಹೇಳಿದಾಗ, ‘ತಂದೆಯ ಕೆಲಸವೇನು?’ ಎಂದು ಕೇಳುವ ವೈದ್ಯನಿಗೆ ಮಾತ್ರ ರಕ್ತಪರೀಕ್ಷೆಯ ಯೋಚನೆ ಹೊಳೆಯುತ್ತದೆ. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು; 2017ರ ನವೆಂಬರಿನಿಂದ ಮನೆಯ ಬಣ್ಣಗಳಲ್ಲಿ ಸೀಸಕ್ಕೆ ದಶಲಕ್ಷಕ್ಕೆ 90 ಭಾಗದ ಮಿತಿ ಬಂತು. ರಾಮಾಜಿನಿ ಕುಂಬಾರರ ನಡುಗುವ ಕೈಗಳಲ್ಲಿ ಗುರುತಿಸಿದ ವಿಷ ಇದೇ.

ವೈದ್ಯನು ಕಲಿಯುತ್ತಲೇ ಇರಬೇಕೆಂಬುದು ಈಗ ನಿಯಮವೂ ಆಗಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಗಳು ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ನಿರಂತರ ಶಿಕ್ಷಣವನ್ನು ವಿಧಿಸಿದವು. ವೈದ್ಯಕೀಯ ಕಾಲೇಜುಗಳ ರಾಜೀವ್ ಗಾಂಧಿ ವಿಶ್ವವಿದ್ಯಾನಿಲಯ 1996ರಲ್ಲಿ ಹುಟ್ಟಿ ಜಯನಗರದ ನಾಲ್ಕನೆಯ ಟಿ ಬ್ಲಾಕಿನಲ್ಲಿದೆ. ನಿಮ್ಹಾನ್ಸ್, ಕಿದ್ವಾಯಿ ಸಂಸ್ಥೆಗಳು ಕೂಗಳತೆಯಲ್ಲಿವೆ. ವೈದ್ಯವಿದ್ಯೆಗೆ ಇಂತಹ ನೆರೆ ಬೇರೆ ಕಡೆ ದೊರೆಯುವುದು ದುರ್ಲಭ. ನನ್ನ ಕಾಳಜಿ ಇಷ್ಟೆ: ಆ 30 ಗಂಟೆಗಳಲ್ಲಿ ಕಸುಬಿನ ರೋಗಗಳಿಗೆ ಎಷ್ಟು ಪಾಲು? ಹೊಸ ಔಷಧ, ಹೊಸ ಯಂತ್ರಗಳನ್ನು ಪರಿಚಯಿಸಲು ಮುಂದೆ ಬರುವವರು ಬೇಕಾದಷ್ಟಿದ್ದಾರೆ. ಧೂಳನ್ನು ಪರಿಚಯಿಸುವುದರಿಂದ ಯಾರಿಗೂ ಲಾಭವಿಲ್ಲ. ಧೂಳು ಹೊಕ್ಕ ಎದೆಯ ಚಿತ್ರವನ್ನು ಓದುವುದೂ ಒಂದು ಪ್ರತ್ಯೇಕ ವಿದ್ಯೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅದಕ್ಕಾಗಿ ಮಾದರಿ ಚಿತ್ರಗಳ ಸಂಚನ್ನೇ ಮಾಡಿದೆ. ಅವುಗಳ ಪಕ್ಕದಲ್ಲಿಟ್ಟು ಮತ್ತೆ ಮತ್ತೆ ಹೋಲಿಸಿ ನೋಡಿದ ಕಣ್ಣಿಗೆ ಮಾತ್ರ ಅದು ಒಲಿಯುತ್ತದೆ.

ಭಾಷೆಯ ಅಧ್ಯಾಪಕನಾಗಿ ಇನ್ನೊಂದು ಮಾತು. ‘ಏನು ಕೆಲಸ?’ ಎಂದರೆ ‘ಕೂಲಿ’ ಎಂಬ ಒಂದೇ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯದು. ‘ಕೂಲಿ ಎಂದರೆ ಏನು ಮಾಡುತ್ತೀಯಪ್ಪ? ಕಲ್ಲು ಕೊಯ್ಯುವಾಗ ನೀರು ಬಿಡುತ್ತಾರೆಯೆ? ಎಷ್ಟು ವರ್ಷವಾಯಿತು? ಅದಕ್ಕೆ ಮುಂಚೆ ಎಲ್ಲಿದ್ದೆ?’ ಎಂದು ಅವನ ಮಾತಿನಲ್ಲಿ ಬಿಡಿಸಿ ಕೇಳಬೇಕು. ಎರಡು ನಿಮಿಷದ ಕೆಲಸ; ಆದರೆ ಕಲಿಯದೆ ಬರುವುದಿಲ್ಲ.

1948ರ ಅಧಿನಿಯಮದ ಸ್ಥಾನದಲ್ಲಿ 2020ರ ಹೊಸ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ರೋಗಗಳ ಪಟ್ಟಿ ಅದರಲ್ಲಿಯೂ ಇದೆ, 29 ಹೆಸರುಗಳೊಡನೆ. ತಿಳಿಸಬೇಕಾದ ವೈದ್ಯನ ಕರ್ತವ್ಯವೂ ಇದೆ. ಪಟ್ಟಿ ಎಷ್ಟೇ ಉದ್ದವಾಗಿರಲಿ, ಅದರಲ್ಲಿನ ಹೆಸರು ಕಾರ್ಮಿಕನ ಚೀಟಿಗೆ ಇಳಿಯುವುದು ವೈದ್ಯನ ಲೇಖನಿಯಿಂದ. ಲೇಖನಿ ಏಳುವುದು ಪ್ರಶ್ನೆ ಕೇಳಿದಮೇಲೆ. ಅದುವರೆಗೆ ಕಲ್ಲು ಕೊಯ್ಯುವ ಹುಡುಗನ ಕೆಮ್ಮು ಬರಿಯ ಕೆಮ್ಮಾಗಿಯೇ ಉಳಿಯುತ್ತದೆ.