ಅದೇ 26 ಕೈ: ಫೆಬ್ರವರಿಯಲ್ಲಿ ಸೋತವು, ಆಗಸ್ಟ್‌ನಲ್ಲಿ ಗೆದ್ದವು

1/7 👇 ನಮ್ಮೂರಿಗೆ ಮೇಯರ್ ಯಾರು?

ಮೊನ್ನೆ ಕ್ಯಾಂಟೀನಲ್ಲಿ ಟೀ ಕುಡೀತಾ ಒಂದು ಸಣ್ಣ ಜಗಳ ಆಯ್ತು. ಟಿ. ನರಸೀಪುರದ ನಮ್ಮ ಕ್ಲಾಸ್‌ಮೇಟ್ ಒಬ್ಬ ಕೇಳ್ದ, "ಲೋ, ನಂಜನಗೂಡಿಗೆ ಮೇಯರ್ ಯಾರೋ?" ನಾನು ಬಿಡ್ತೀನಾ, "ಮೊದ್ಲು ನಿಮ್ಮೂರ್ದು ಹೇಳೋ" ಅಂದೆ. ಇಬ್ಬರ ಬಾಯೂ ಬಂದ್.

ಆಮೇಲೆ ಹುಡುಕಿ ನೋಡಿದ್ರೆ, ಪ್ರಶ್ನೆನೇ ತಪ್ಪು ಕಣ್ರೋ. ನಂಜನಗೂಡು ನಗರಸಭೆ, 31 ವಾರ್ಡ್. ಟಿ. ನರಸೀಪುರ ಪುರಸಭೆ, 23 ವಾರ್ಡ್. ಎರಡು ಕಡೆನೂ ಇರೋದು ಅಧ್ಯಕ್ಷರು. ಮೇಯರ್ ಅನ್ನೋ ಹೆಸರು ಮಹಾನಗರ ಪಾಲಿಕೆಗೆ ಮಾತ್ರ. ನಮಗೆ ಹತ್ತಿರದ ಮೇಯರ್ ಕುರ್ಚಿ ಅಂದ್ರೆ ಕಡಕೊಳ ದಾಟಿ ಹೋದ್ರೆ ಸಿಗೋ ಮೈಸೂರಿನದು.

ಆದ್ರೆ ಆ ಕುರ್ಚಿ ಕಥೆ ಓದ್ತಾ ಓದ್ತಾ ಒಂದು ವಿಷಯ ತಲೆಗೆ ಹೊಕ್ತು. ನನಗೀಗ 20 ವರ್ಷ. 2024ರ ಏಪ್ರಿಲ್‌ನಲ್ಲಿ ಚಾಮರಾಜನಗರ ಲೋಕಸಭೆಗೆ ಮೊದಲನೇ ವೋಟ್ ಹಾಕ್ದೆ, ಬೆರಳಿನ ಇಂಕ್ ಫೋಟೋ ಸ್ಟೋರಿಗೂ ಹಾಕಿದ್ದೆ, ನೀವೇ ನೋಡಿದೀರ. ನಮ್ಮ ಬೀದಿ ಮೋರಿಗೆ ಜವಾಬ್ದಾರಿ ಇರೋ ವಾರ್ಡ್ ಮೆಂಬರ್‌ಗೆ ಮಾತ್ರ ಇವತ್ತಿನವರೆಗೂ ವೋಟ್ ಹಾಕಿಲ್ಲ. ದಿಲ್ಲಿಗೆ ಕಳ್ಸೋರನ್ನ ಆರಿಸಿದ್ದೀನಿ, ನಮ್ಮ ಬೀದಿಗೆ ಬರೋರನ್ನ ಆರಿಸಿಲ್ಲ.

ಯಾಕೆ ಹೀಗೆ? ಮೈಸೂರಿನ ಮೇಯರ್ ಕುರ್ಚಿಯಿಂದ ಶುರು ಮಾಡೋಣ.

2/7 👇 ಮೊದಲು ಸ್ವಲ್ಪ ಹಳೇ ಕಥೆ

ಮೈಸೂರಿಗೆ ಮುನಿಸಿಪಲ್ ಕಮಿಟಿ ಬಂದಿದ್ದು 1862ರಲ್ಲಿ. ಅವತ್ತು ವೋಟು ಗೀಟು ಏನೂ ಇಲ್ಲ. ಕಮಿಟಿಯಲ್ಲಿ ಯಾರಿರಬೇಕು ಅನ್ನೋದನ್ನ ಸರ್ಕಾರ ತೀರ್ಮಾನ ಮಾಡ್ತಿತ್ತು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯ್ತು. ಅಕ್ಟೋಬರ್ 7ರಂದು ದಸರಾ ಹೊತ್ತಲ್ಲಿ ಮೈಸೂರಲ್ಲೇ ಮೊದಲ ಸಭೆ, 144 ಜನ ಸದಸ್ಯರು. ಹೆಚ್ಚಿನವರು ಜಮೀನ್ದಾರರು, ವ್ಯಾಪಾರಸ್ಥರು. ಕಷ್ಟ ಹೇಳ್ಕೊಳ್ಳಬಹುದಿತ್ತು, ಆದ್ರೆ ತೀರ್ಮಾನ ಅವರ ಕೈಯಲ್ಲಿರಲಿಲ್ಲ. ಆದರೂ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ.

1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಮೈಸೂರಿನ ಅಗಲ ರಸ್ತೆ, ಹೊಸ ಬಡಾವಣೆ ನೋಡಿ ನಾವು "ಎಷ್ಟು ಪ್ಲ್ಯಾನಾಗಿದೆ" ಅಂತೀವಲ್ಲ, ಅದರಲ್ಲಿ ಈ ಬೋರ್ಡಿನ ಪಾಲು ತುಂಬಾ ಇದೆ. ಇದೂ ಜನ ವೋಟ್ ಹಾಕಿ ಆರಿಸಿದ್ದಲ್ಲ. ಅಂದ್ರೆ ಅಧಿಕಾರಿಗಳು ಒಳ್ಳೇ ಕೆಲಸ ಮಾಡೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಈ ಮಾತು ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ನಮ್ಮ ರಾಜ್ಯದಲ್ಲಿ ಮೇಯರ್ ಕಾಲ ಶುರುವಾಗಿದ್ದು ಸ್ವಾತಂತ್ರ್ಯ ಬಂದ ಮೇಲೆ. 1949ರಲ್ಲಿ ಬೆಂಗಳೂರಿನ ಸಿಟಿ ಮತ್ತು ಕಂಟೋನ್ಮೆಂಟ್ ಮುನಿಸಿಪಾಲಿಟಿಗಳನ್ನ ಸೇರಿಸಿ ಕಾರ್ಪೊರೇಷನ್ ಮಾಡಿದ್ರು, ಆರ್. ಸುಬ್ಬಣ್ಣ ಮೊದಲ ಮೇಯರ್. ಮೈಸೂರು ಕಾರ್ಪೊರೇಷನ್ ಆಗಿದ್ದು 1977ರಲ್ಲಿ.

3/7 👇 ಮೇಯರ್‌ಗೆ ವೋಟ್ ಹಾಕೋದು ಯಾರು?

ನಾವಂತೂ ಅಲ್ಲ. 😅

ಬಿಕಾಂನವರಿಗೆ ಇದು ಸುಲಭ. ಕಂಪನಿಯಲ್ಲಿ ಷೇರುದಾರರು ಡೈರೆಕ್ಟರ್‌ಗಳನ್ನ ಆರಿಸ್ತಾರೆ, ಡೈರೆಕ್ಟರ್‌ಗಳು ಕೂತು ಒಬ್ಬರನ್ನ ಚೇರ್ಮನ್ ಮಾಡ್ತಾರೆ. ಇದೂ ಹಾಗೇ. ಜನ ಕಾರ್ಪೊರೇಟರ್‌ನ ಆರಿಸ್ತಾರೆ, ಕಾರ್ಪೊರೇಟರ್‌ಗಳು ಮೇಯರ್‌ನ ಆರಿಸ್ತಾರೆ. ಅವರ ಜೊತೆಗೆ ಆ ಊರಿನ ಎಂಪಿ, ಎಂಎಲ್‌ಎ, ಎಂಎಲ್‌ಸಿಗಳಿಗೂ ವೋಟ್ ಇರುತ್ತೆ. ಚೀಟಿ ಇಲ್ಲ, ಮಷೀನ್ ಇಲ್ಲ, ಕೈ ಎತ್ತಿದ್ರೆ ಆಯ್ತು. ಮೈಸೂರಲ್ಲಿ ಎಲ್ಲಾ ಸೇರಿ ಎಪ್ಪತ್ತು ಚಿಲ್ಲರೆ ಜನ. ಬೆಳಗ್ಗೆ ಎಂಟು ಗಂಟೆಗೆ ನಂಜನಗೂಡಿಂದ ಹೊರಡೋ ಬಸ್ಸಲ್ಲಿ ಅದಕ್ಕಿಂತ ಜಾಸ್ತಿ ಜನ ನೇತಾಡ್ತಿರ್ತೀವಿ.

ಮೇಯರ್ ಅವಧಿ ಬರೀ ಒಂದು ವರ್ಷ. ನಗರಸಭೆ, ಪುರಸಭೆ ಅಧ್ಯಕ್ಷರಿಗೆ ಎರಡೂವರೆ ವರ್ಷ. ಕುರ್ಚಿ ಯಾವ ವರ್ಗಕ್ಕೆ, ಮಹಿಳೆಗಾ ಸಾಮಾನ್ಯಕ್ಕಾ ಅನ್ನೋದನ್ನ ಸರ್ಕಾರದ ಮೀಸಲಾತಿ ಪಟ್ಟಿ ಹೇಳುತ್ತೆ. ದಿನಾ ಆಡಳಿತ ನಡೆಸೋದು ಸರ್ಕಾರ ನೇಮಿಸಿದ ಕಮಿಷನರ್. ಒಂದು ವರ್ಷದ ಮೇಯರ್ ಕೈಗೆ ಸಿಗೋದು ಒಂದೇ ಒಂದು ಬಜೆಟ್. ಫೈಲ್ ಅರ್ಥ ಆಗೋ ಹೊತ್ತಿಗೆ ಬೀಳ್ಕೊಡುಗೆ ಹಾರ ರೆಡಿ.

ಈಗ 26ರ ಕಥೆಗೆ ಬರೋಣ.

4/7 👇 ಐದು ವರ್ಷ, ಐದು ಮೇಯರ್

2018ರ ಆಗಸ್ಟ್ 31. ಮೈಸೂರಿನ 65 ವಾರ್ಡ್‌ಗಳಿಗೆ ವೋಟಿಂಗ್. ನಾನಾಗ ಹೈಸ್ಕೂಲು. ರಿಸಲ್ಟ್ ಹೀಗಿತ್ತು: ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18, ಬಿಎಸ್‌ಪಿ 1, ಪಕ್ಷೇತರರು 5. ಯಾರಿಗೂ ಬಹುಮತ ಇಲ್ಲ.

ಅವತ್ತು ರಾಜ್ಯದಲ್ಲಿ ಕಾಂಗ್ರೆಸ್-ಜೆಡಿಎಸ್ ಸರ್ಕಾರ. ಪಾಲಿಕೆಯಲ್ಲೂ ಅದೇ ಜೋಡಿ. ನವೆಂಬರ್‌ನಲ್ಲಿ ಕಾಂಗ್ರೆಸ್‌ನ ಪುಷ್ಪಲತಾ ಜಗನ್ನಾಥ್ ಮೇಯರ್ ಆದ್ರು. 2020ರ ಜನವರಿಯಲ್ಲಿ ಜೆಡಿಎಸ್‌ನ ತಸ್ನೀಂ. ಮೈಸೂರಿಗೆ ಮೇಯರ್ ಆದ ಮೊದಲ ಮುಸ್ಲಿಂ ಮಹಿಳೆ ಅವರು.

2021ರ ಫೆಬ್ರವರಿ 24. ಮೈತ್ರಿ ಇರುತ್ತಾ ಮುರಿಯುತ್ತಾ ಅಂತ ಕೊನೇ ಗಳಿಗೆವರೆಗೂ ಯಾರಿಗೂ ಗೊತ್ತಿಲ್ಲ. ಕೊನೆಗೆ ಕಾಂಗ್ರೆಸ್‌ನವರು ಜೆಡಿಎಸ್‌ಗೆ ಕೈ ಎತ್ತಿದ್ರು. ಜೆಡಿಎಸ್‌ನ ರುಕ್ಮಿಣಿ ಮಾದೇಗೌಡ ಅವರಿಗೆ 43 ವೋಟು, ಬಿಜೆಪಿಯ ಸುನಂದಾ ಪಾಲನೇತ್ರ ಅವರಿಗೆ 26. ಸೋಲು.

ಮೂರೇ ತಿಂಗಳಿಗೆ ಆಸ್ತಿ ಘೋಷಣೆ ಪ್ರಮಾಣಪತ್ರದ ಕೇಸಲ್ಲಿ ಹೈಕೋರ್ಟ್ ತೀರ್ಪು ಬಂದು, ಮೇಯರ್ ಅವರ ಕಾರ್ಪೊರೇಟರ್ ಸ್ಥಾನನೇ ಹೋಯ್ತು. ಉಪಮೇಯರ್ ಅನ್ವರ್ ಬೇಗ್ ಸ್ವಲ್ಪ ದಿನ ಪ್ರಭಾರ ನೋಡ್ಕೊಂಡ್ರು.

ಆಗಸ್ಟ್ 25ಕ್ಕೆ ಮತ್ತೆ ಚುನಾವಣೆ. ಈ ಸಲ ಕಾಂಗ್ರೆಸ್‌ನಿಂದ ಶಾಂತಕುಮಾರಿ ನಿಂತ್ರು. ಜೆಡಿಎಸ್ ಯಾರ ಪರವಾಗಿಯೂ ಕೈ ಎತ್ತಲಿಲ್ಲ. ಕಾಂಗ್ರೆಸ್‌ಗೆ 22. ಸುನಂದಾ ಪಾಲನೇತ್ರ ಅವರಿಗೆ ಎಷ್ಟು ಗೊತ್ತಾ?

26.

ಅಷ್ಟೇ ವೋಟು. ಫೆಬ್ರವರಿಯಲ್ಲಿ ಸೋಲಿಸಿದ ಸಂಖ್ಯೆನೇ ಆಗಸ್ಟ್‌ನಲ್ಲಿ ಗೆಲ್ಲಿಸ್ತು. ಮೈಸೂರಿಗೆ ಮೊದಲ ಬಿಜೆಪಿ ಮೇಯರ್ ಸಿಕ್ಕಿದ್ದು ಹೀಗೆ. 2022ರ ಸೆಪ್ಟೆಂಬರ್‌ನಲ್ಲಿ ಬಿಜೆಪಿಯ ಶಿವಕುಮಾರ್ ಬಂದ್ರು, ಆ ಕೌನ್ಸಿಲ್‌ಗೆ ಅವರೇ ಕೊನೆಯವರು.

ನಾನಿಲ್ಲಿ ಯಾವ ಪಕ್ಷದ ಪರನೂ ಇಲ್ಲ, ಕಾಮೆಂಟಲ್ಲಿ ಹೊಡೆದಾಡ್ಬೇಡಿ ಪ್ಲೀಸ್. 🙏 ಹೇಳ್ತಿರೋದು ಇಷ್ಟೇ. ಆ ಆರು ತಿಂಗಳಲ್ಲಿ ಮೈಸೂರಿನ ಮತದಾರರ ಮನಸ್ಸು ಬದಲಾಯ್ತೋ ಇಲ್ವೋ, ಯಾರೂ ಕೇಳಲಿಲ್ಲ. ಬದಲಾಗಿದ್ದು ಪಕ್ಕದ ಬೆಂಚಿನವರು ಕೈ ಎತ್ತಿದ್ರಾ, ಇಳಿಸಿದ್ರಾ ಅನ್ನೋದು ಮಾತ್ರ.

5/7 👇 ಹಾಗಾದ್ರೆ ನಾವೇ ನೇರವಾಗಿ ಆರಿಸಿದ್ರೆ?

ನನಗೂ ಮೊದಲು ಇದೇ ಅನ್ನಿಸ್ತು. ಲಂಡನ್‌ನಲ್ಲಿ 2000ದಿಂದ ಜನನೇ ಮೇಯರ್‌ನ ಆರಿಸ್ತಾರೆ. ಮಧ್ಯಪ್ರದೇಶ, ಉತ್ತರ ಪ್ರದೇಶದಲ್ಲೂ ಅದೇ ಪದ್ಧತಿ.

ಆದ್ರೆ ಚೆನ್ನೈ ಕಥೆ ಕೇಳಿ. 1996ರಲ್ಲಿ ಜನರೇ ನೇರವಾಗಿ ಎಂ.ಕೆ. ಸ್ಟಾಲಿನ್ ಅವರನ್ನ ಮೇಯರ್ ಮಾಡಿದ್ರು. 2006ಕ್ಕೆ ನಿಯಮ ಬದಲಾಗಿ ಕೌನ್ಸಿಲರ್‌ಗಳು ಆರಿಸೋ ಪದ್ಧತಿ ಬಂತು. 2011ಕ್ಕೆ ಮತ್ತೆ ನೇರ. 2022ಕ್ಕೆ ಮತ್ತೆ ಪರೋಕ್ಷ. ಮೇಯರ್‌ನ ಹೇಗೆ ಆರಿಸಬೇಕು ಅನ್ನೋದನ್ನ ಸಂವಿಧಾನ ಆಯಾ ರಾಜ್ಯಕ್ಕೆ ಬಿಟ್ಟಿದೆ. ಹಾಗಾಗಿ ಆಟದ ನಿಯಮ ಬರೆಯೋದೂ ಆಡೋರೇ.

ಇನ್ನೊಂದು ಮಾತು. ನಮ್ಮ ಪದ್ಧತಿಯಲ್ಲಿ ಬರೀ ಕೆಟ್ಟದ್ದೇ ಇದೆ ಅಂದ್ಕೊಬೇಡಿ. ಮೈಸೂರಿನ ಆ ಐದು ಮೇಯರ್‌ಗಳಲ್ಲಿ ನಾಲ್ಕು ಜನ ಹೆಂಗಸರು! ಮೀಸಲಾತಿ ಇಲ್ದೇ ಹೋಗಿದ್ರೆ ಇದು ಆಗ್ತಿತ್ತಾ? ಎದೆ ಮುಟ್ಕೊಂಡು ಹೇಳಿ.

ಅದಕ್ಕೇ ನನಗೆ ಅನ್ನಿಸೋದು, ನೇರನಾ ಪರೋಕ್ಷನಾ ಅನ್ನೋದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಬೇರೆನೇ ಇದೆ.

6/7 👇 ಚುನಾವಣೆನೇ ಆಗದಿದ್ರೆ?

2023ರ ನವೆಂಬರ್‌ಗೆ ಮೈಸೂರು ಕೌನ್ಸಿಲ್ ಅವಧಿ ಮುಗೀತು. ಹೊಸ ಚುನಾವಣೆ ಆಗಲಿಲ್ಲ, ಆಡಳಿತಾಧಿಕಾರಿ ಬಂದ್ರು. ಬೆಂಗಳೂರಿನ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರಲ್ಲಿ ಬಿಬಿಎಂಪಿಯನ್ನ ಒಡೆದು ಐದು ಪಾಲಿಕೆ ಮಾಡಿದಾಗಲೂ ಒಳಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ.

ನಮ್ಮೂರುಗಳ ಕಥೆ? ನಂಜನಗೂಡಿಗೆ ವೋಟಿಂಗ್ ಆಗಿದ್ದು 2019ರ ಮೇ 29. ಆದ್ರೆ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟ್ ಮೆಟ್ಟಿಲೇರಿದ್ರಿಂದ, ಗೆದ್ದವರು 2020ರ ಕೊನೆವರೆಗೂ ಅಧಿಕಾರ ಇಲ್ದೇ ಕಾಯ್ಬೇಕಾಯ್ತು. ಮೊದಲ ಎರಡೂವರೆ ವರ್ಷ ಮುಗಿದ ಮೇಲೆ ಮತ್ತೆ ಅದೇ ರಾಗ. ಎರಡನೇ ಅವಧಿಯ ಪಟ್ಟಿ ಹೊರಗೆ ಬಂದಿದ್ದು 2024ರ ಆಗಸ್ಟ್‌ನಲ್ಲಿ.

ಸಂವಿಧಾನ ಏನ್ ಹೇಳುತ್ತೆ? 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಕೌನ್ಸಿಲ್‌ಗೆ ಐದು ವರ್ಷ, ಅದು ಮುಗಿಯೋ ಮುಂಚೆನೇ ಹೊಸ ಚುನಾವಣೆ ಮುಗಿದಿರಬೇಕು ಅಂತ ಸ್ಪಷ್ಟವಾಗಿದೆ. 2006ರಲ್ಲಿ ಅಹಮದಾಬಾದ್ ಪಾಲಿಕೆ ಕೇಸಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿದೆ. ಆದರೂ ವಾರ್ಡ್ ವಿಂಗಡಣೆ, ಮೀಸಲಾತಿ, ಊರು ದೊಡ್ಡದು ಮಾಡೋ ಪ್ಲ್ಯಾನ್ ಅಂತ ಒಂದಲ್ಲ ಒಂದು ಕಾರಣ ಬರ್ತಾನೇ ಇರುತ್ತೆ. ಬೃಹತ್ ಮೈಸೂರು ಪ್ರಸ್ತಾವದಲ್ಲಿ ನಮ್ಮ ದಾರಿಯ ಕಡಕೊಳವೂ ಇದೆ. ಅಂದ್ರೆ ಇದು ಇನ್ನು ಬರೀ ಮೈಸೂರಿನವರ ವಿಷಯ ಅಲ್ಲ.

1862ರಲ್ಲಿ ಸರ್ಕಾರ ನೇಮಿಸಿದವರು ಊರು ನೋಡ್ಕೊತಿದ್ರು. 160 ವರ್ಷ ಕಳೆದ ಮೇಲೆ, 2023ರಲ್ಲಿ, ಮತ್ತೆ ಅಲ್ಲಿಗೇ ಬಂದ್ವಿ.

7/7 👇 ಅಜ್ಜಿ ಹೋಗೋ ಮನೆ

ಎರಡನೇ ಭಾಗದಲ್ಲಿ ನೆನಪಿಟ್ಕೊಳ್ಳಿ ಅಂದಿದ್ನಲ್ಲ. ಅಧಿಕಾರಿ ಒಳ್ಳೇ ಕೆಲಸ ಮಾಡ್ಬಹುದು. ನಮಗಿಂತ ಚೆನ್ನಾಗಿ ಓದಿರ್ತಾರೆ. ಹಾಗಿದ್ರೆ ಮೆಂಬರ್ ಯಾಕೆ ಬೇಕು?

ನಮ್ಮಜ್ಜಿ ಕಾರಣ. ನಾನು ಚಿಕ್ಕವನಿದ್ದಾಗ ಒಂದ್ಸಲ ಮಳೆಗೆ ಮೋರಿ ಕಟ್ಕೊಂಡು ನೀರು ಹೊಸ್ತಿಲವರೆಗೂ ಬಂದಿತ್ತು. ಅಜ್ಜಿ ಅರ್ಜಿ ಬರೆಯಲಿಲ್ಲ, ಬರೆಯೋಕೂ ಬರಲ್ಲ. ಬೆಳಗ್ಗೆ ಆರಕ್ಕೆ ಸೆರಗು ಸಿಕ್ಕಿಸ್ಕೊಂಡು ಸೀದಾ ಮೆಂಬರ್ ಮನೆಗೆ ಹೋದ್ರು. ಆ ಮನುಷ್ಯ ಹಲ್ಲುಜ್ತಾ ನಿಂತಿದ್ರಂತೆ. "ಏನಪ್ಪಾ, ವೋಟ್ ಕೇಳೋಕೆ ಬಂದಾಗ ನಮ್ಮನೆ ದಾರಿ ಗೊತ್ತಿತ್ತು, ಈಗ ಮರೆತೋಯ್ತಾ?" ಅಂದ್ರು. ಮಧ್ಯಾಹ್ನಕ್ಕೆ ಮೋರಿ ಕ್ಲೀನ್.

ಆ ಮಾತನ್ನ ಅಜ್ಜಿ ಆಡಳಿತಾಧಿಕಾರಿಗೆ ಹೇಳೋಕಾಗುತ್ತಾ? ಅವರು ಯಾವತ್ತೂ ಅಜ್ಜಿ ಮನೆಗೆ ವೋಟ್ ಕೇಳೋಕೆ ಬಂದಿಲ್ಲ. ಮೈಸೂರಲ್ಲಿರೋ ನಮ್ಮ ದೊಡ್ಡಮ್ಮ ಈಗ ಕೇಳೋದೂ ಅದೇ: "ಮೊದ್ಲು ಕಾರ್ಪೊರೇಟರ್ ಮನೆ ಗೊತ್ತಿತ್ತು. ಈಗ ಯಾರ ಮನೆ ಬಾಗಿಲಿಗೆ ಹೋಗ್ಲಿ?"

ಮೇಯರ್ ಯಾರು ಅನ್ನೋದನ್ನ ಎಪ್ಪತ್ತು ಚಿಲ್ಲರೆ ಕೈಗಳು ತೀರ್ಮಾನ ಮಾಡ್ತವೆ, ಅದು ನಮ್ಮ ಕೈಲಿಲ್ಲ. ಆದ್ರೆ ಆ ಕೈಗಳನ್ನ ಅಲ್ಲಿಗೆ ಕಳಿಸೋರು ನಾವು. ಆ ಒಂದು ದಿನನೂ ಬರದೇ ಹೋದ್ರೆ ನಮಗೆ ಉಳಿಯೋದು ಏನು?

ಕಪಿಲೆ ನಮ್ಮ ನಂಜನಗೂಡು ದಾಟಿ ಹೋಗಿ ನರಸೀಪುರದಲ್ಲಿ ಕಾವೇರಿ ಸೇರ್ತಾಳೆ. ನಮ್ಮ ವಾರ್ಡಿನ ಮೋರಿ ಸರಿ ಇಲ್ಲ ಅಂದ್ರೆ ಅದರ ನೀರು ಕೊನೆಗೆ ಹೋಗೋದು ಅವರು ಮೀಯೋ ಸಂಗಮಕ್ಕೆ. ಕ್ಯಾಂಟೀನಲ್ಲಿ ಜಗಳ ಆಡಿದ ಆ ನರಸೀಪುರದವನಿಗೆ ಇದನ್ನ ಹೇಳ್ದೆ. "ಹಾಗಾದ್ರೆ ನಿಮ್ಮ ಮೆಂಬರ್‌ಗೆ ನಾನೂ ವೋಟ್ ಹಾಕ್ಬೇಕಲ್ಲೋ" ಅಂದ. ಸರಿನೇ ಅನ್ನಿಸ್ತು.

ಈಗ ನಿಮಗೆ ಕೆಲಸ: ಇವತ್ತು ಮನೆಗೆ ಹೋಗಿ ಕೇಳಿ, ನಿಮ್ಮದು ಎಷ್ಟನೇ ವಾರ್ಡು? ಕೊನೇ ಮೆಂಬರ್ ಯಾರು? ಉತ್ತರ ಕಾಮೆಂಟಲ್ಲಿ ಹಾಕಿ. ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ, "ಗೊತ್ತಿಲ್ಲ" ಅಂತಾನೇ ಹಾಕಿ. ಹೋದ ವಾರದವರೆಗೂ ನಂದೂ ಅದೇ ಉತ್ತರ.

ವೋಟರ್ ಲಿಸ್ಟಲ್ಲಿ ಹೆಸರು ಸೇರಿಸದೇ ಇರೋ ಫ್ರೆಂಡ್‌ಗೆ ಇದನ್ನ ಶೇರ್ ಮಾಡಿ. 🗳️

#ನಂಜನಗೂಡು #ಟಿನರಸೀಪುರ #ಮೈಸೂರು #ನಮ್ಮವಾರ್ಡ್ #ಊರಿನಇತಿಹಾಸ