ಬೆಟ್ಟದ ಗೋಡೆ ಕಟ್ಟಿದ ಹುಡುಗರು

ವರ್ಜೀನಿಯಾದ ಶೆನಂಡೋವ ನ್ಯಾಷನಲ್ ಪಾರ್ಕಿನಲ್ಲಿ ಬೆಟ್ಟಸಾಲಿನ ನೆತ್ತಿಯ ಮೇಲೇ ೧೦೫ ಮೈಲಿ ಓಡುವ ಒಂದು ರಸ್ತೆ ಇದೆ, ಸ್ಕೈಲೈನ್ ಡ್ರೈವ್ ಅಂತ. ಅಕ್ಟೋಬರಿನಲ್ಲಿ ಎಲೆ ಕೆಂಪಾಗುವುದನ್ನು ನೋಡಲು ಈ ಕಡೆಯ ಕನ್ನಡದವರೆಲ್ಲ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗುವ ಜಾಗ. ರಸ್ತೆಯಂಚಿಗೆ ಉದ್ದಕ್ಕೂ ಕಲ್ಲಿನ ಗಿಡ್ಡ ಗೋಡೆ. ಅದರ ಮೇಲೆ ಕೂತು ಫೋಟೋ ತೆಗೆಸಿಕೊಳ್ಳದೆ ವಾಪಸ್ಸು ಬಂದವರು ಕಡಿಮೆ. ಆ ಗೋಡೆ ಕಟ್ಟಿದವರು ಯಾರು ಅನ್ನೋದು ಇವತ್ತಿನ ವಿಷಯ.

ರಸ್ತೆಯನ್ನೇ ಅವರು ಮಾಡಿದರು ಅಂತ ಹಲವರು ಹೇಳುತ್ತಾರೆ. ಅದು ಸರಿಯಲ್ಲ. ರಸ್ತೆ ಕೆಲಸ ೧೯೩೧ರಲ್ಲೇ ಶುರುವಾಗಿತ್ತು, ಮಾಡಿದ್ದು ಗುತ್ತಿಗೆದಾರರು. ಪಕ್ಕದ ಗೋಡೆ, ಕುಸಿಯುತ್ತಿದ್ದ ಇಳಿಜಾರಿಗೆ ಮಣ್ಣು ಹಿಡಿಯುವ ಗಿಡ, ಕಾಲುದಾರಿ, ಕಲ್ಲಿನ ಮೆಟ್ಟಿಲು, ಇವೆಲ್ಲ ಸಿವಿಲಿಯನ್ ಕನ್ಸರ್ವೇಷನ್ ಕೋರ್, ಅಂದರೆ ಸಿಸಿಸಿ, ಎಂಬ ದಳದ ಹುಡುಗರ ಕೆಲಸ.

ಕಾಲ ೧೯೩೩. ಅಮೆರಿಕದಲ್ಲಿ ದುಡಿಯುವ ನಾಲ್ಕು ಜನರಲ್ಲಿ ಒಬ್ಬರಿಗೆ ಕೆಲಸವಿಲ್ಲ. ಇನ್ನೊಂದು ಕಡೆ ಕಾಡು ಕಡಿದು ಬೋಳಾದ ಗುಡ್ಡಗಳು, ಮಳೆಗೆ ಕೊಚ್ಚಿ ಹೋಗುತ್ತಿದ್ದ ಹೊಲದ ಮಣ್ಣು. ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಮಾರ್ಚ್ ೪ರಂದು ಅಧ್ಯಕ್ಷರಾದರು. ಮಾರ್ಚ್ ೩೧ಕ್ಕೆ ಕಾನೂನಿಗೆ ಸಹಿ ಬಿತ್ತು. ಏಪ್ರಿಲ್ ೭ಕ್ಕೆ ಮೊದಲ ಹುಡುಗನ ಹೆಸರು ದಾಖಲಾಯಿತು, ೧೭ಕ್ಕೆ ವರ್ಜೀನಿಯಾದ ಜಾರ್ಜ್ ವಾಷಿಂಗ್ಟನ್ ಕಾಡಿನಲ್ಲಿ ಮೊದಲ ಶಿಬಿರ ಎದ್ದಿತು. ಸರ್ಕಾರಿ ಕೆಲಸ ಅಂದರೆ ಫೈಲು ಮೇಜಿನಿಂದ ಮೇಜಿಗೆ ಹೋಗೋದು ಅಂತ ತಿಳಿದಿರುವ ನಮಗೆ ಈ ವೇಗ ನಂಬೋದು ಕಷ್ಟ :)

ಕೆಲಸ ಹಂಚಿಕೊಂಡ ರೀತಿ ನೋಡಿ. ಹುಡುಗರನ್ನು ಆರಿಸುವುದು ಕಾರ್ಮಿಕ ಇಲಾಖೆ. ಡೇರೆ, ಊಟ, ಬಟ್ಟೆ, ಶಿಸ್ತು ಸೈನ್ಯದ್ದು. ಎಲ್ಲಿ ಏನು ಮಾಡಬೇಕು ಅನ್ನೋದು ಕೃಷಿ ಮತ್ತು ಒಳನಾಡು ಇಲಾಖೆಗಳದ್ದು, ಅಂದರೆ ಅರಣ್ಯದವರು, ಪಾರ್ಕಿನವರು. ದಿನಕ್ಕೊಂದು ಡಾಲರ್ ಕೊಟ್ಟರೆ ಎಲ್ಲರ ಕೂಲಿಯೂ ಇಳಿಯುತ್ತದೆ ಅಂತ ಕಾರ್ಮಿಕ ಸಂಘಗಳು ಗಲಾಟೆ ಮಾಡಿದವು. ರೂಸ್‌ವೆಲ್ಟ್ ಜಾಣತನದಿಂದ ಸಂಘದವರೇ ಆದ ರಾಬರ್ಟ್ ಫೆಕ್ನರ್ ಅವರನ್ನು ದಳದ ಮುಖ್ಯಸ್ಥರನ್ನಾಗಿ ಮಾಡಿದರು. ಬಾಯಿ ಮುಚ್ಚಿತು.

ಸಂಬಳ ತಿಂಗಳಿಗೆ ೩೦ ಡಾಲರ್. ಅದರಲ್ಲಿ ೨೫ ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು, ಹುಡುಗನ ಕೈಗೆ ಐದು. ಮೊದಲಿಗೆ ೧೮ರಿಂದ ೨೫ರ ವಯಸ್ಸಿನ, ಮದುವೆಯಾಗದ, ಮನೆಯಲ್ಲಿ ಕಷ್ಟವಿದ್ದ ಹುಡುಗರಿಗೆ ಮಾತ್ರ ಅವಕಾಶ. ಎಷ್ಟೋ ಜನ ಊರಿಂದ ಹೊರಗೆ ಕಾಲಿಟ್ಟದ್ದು, ಮೂರು ಹೊತ್ತು ಹೊಟ್ಟೆ ತುಂಬ ಉಂಡದ್ದು ಅಲ್ಲೇ ಮೊದಲು. ರಾತ್ರಿ ಶಾಲೆ ನಡೆಯುತ್ತಿತ್ತು. ಅಕ್ಷರ ಗೊತ್ತಿಲ್ಲದೆ ಬಂದು ಓದು ಬರಹ ಕಲಿತು ಹೋದವರು ೪೦ ಸಾವಿರಕ್ಕೂ ಹೆಚ್ಚು.

ಪೇಟೆಯ ಹುಡುಗನಿಗೆ ಕೊಡಲಿ ಹಿಡಿಯೋದು ಹೇಗೆ ಗೊತ್ತಿರಬೇಕು? ಅದಕ್ಕೊಂದು ಉಪಾಯ ಮಾಡಿದರು. ಪ್ರತಿ ಶಿಬಿರಕ್ಕೂ ಆಯಾ ಊರಿನ ಅನುಭವಸ್ಥರನ್ನು, ಅಂದರೆ ಬಡಗಿಗಳು, ಕಲ್ಲುಕುಟಿಗರು, ಮರ ಕಡಿಯುವವರನ್ನು, ಸಂಬಳ ಕೊಟ್ಟು ಕರೆದುಕೊಂಡರು. ಕೆಲಸ ಕಳೆದುಕೊಂಡು ಕೂತಿದ್ದ ಈ ಹಿರಿಯರೇ ಮೇಷ್ಟ್ರಾದರು. ನನಗೆ ಇಡೀ ಯೋಜನೆಯಲ್ಲಿ ಅತಿ ಬುದ್ಧಿವಂತಿಕೆಯ ಭಾಗ ಅಂತ ಕಂಡಿರೋದು ಇದೇ. ಕಲ್ಲಿಗೆ ಕಲ್ಲು ಕೂರಿಸುವುದನ್ನು ಪುಸ್ತಕ ಓದಿ ಕಲಿಯೋಕಾಗಲ್ಲ.

೧೯೩೫ರಲ್ಲಿ ಏಕಕಾಲಕ್ಕೆ ಐದು ಲಕ್ಷ ಹುಡುಗರು ೨,೬೦೦ಕ್ಕೂ ಹೆಚ್ಚು ಶಿಬಿರಗಳಲ್ಲಿದ್ದರು. ಒಂಬತ್ತು ವರ್ಷದಲ್ಲಿ ದಳದಲ್ಲಿ ದುಡಿದವರು ಸುಮಾರು ೩೦ ಲಕ್ಷ, ನೆಟ್ಟ ಮರಗಳು ಸುಮಾರು ೩೦೦ ಕೋಟಿ. ಕೊಲರಾಡೋದ ರೆಡ್ ರಾಕ್ಸ್ ಬಯಲು ರಂಗಮಂದಿರದಲ್ಲಿ ಸಂಗೀತ ಕೇಳಿದವರಿದ್ದರೆ, ನೀವು ಕೂತ ಸಾಲುಗಳೂ ಅವರು ಕಟ್ಟಿದವೇ.

ಇಷ್ಟು ಹೇಳಿ ಮುಗಿಸಿದರೆ ಇದು ಹರಿಕಥೆ ಆಗುತ್ತೆ. ಹೇಳಲೇಬೇಕಾದ ಬೇರೆ ಸಂಗತಿಗಳೂ ಇವೆ.

ಮೊದಲನೆಯದು ಶೆನಂಡೋವದ್ದೇ. ಪಾರ್ಕ್ ಆದ ಜಾಗ ಖಾಲಿ ಕಾಡಾಗಿರಲಿಲ್ಲ. ತಲೆಮಾರುಗಳಿಂದ ಅಲ್ಲಿ ಬೇಸಾಯ ಮಾಡಿಕೊಂಡಿದ್ದ ೫೦೦ಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಡಬೇಕಾಯಿತು. ರಾಜ್ಯ ಸರ್ಕಾರ ಕಾನೂನಿನ ಬಲದಿಂದ ಜಮೀನು ತೆಗೆದುಕೊಂಡು ಕೇಂದ್ರಕ್ಕೆ ಒಪ್ಪಿಸಿತು. ಅವರು ಬಿಟ್ಟುಹೋದ ಎಷ್ಟೋ ಮನೆಗಳನ್ನು ಕೆಡವಿದ್ದೂ ಇದೇ ಹುಡುಗರು. ಅಣೆಕಟ್ಟಿಗೋ ಅಭಯಾರಣ್ಯಕ್ಕೋ ಊರು ಬಿಟ್ಟವರ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ.

ಎರಡನೆಯದು ಬಣ್ಣದ್ದು. ಆಗ ಸಂಸತ್ತಿನಲ್ಲಿದ್ದ ಒಬ್ಬನೇ ಕಪ್ಪು ಸದಸ್ಯ ಆಸ್ಕರ್ ಡಿ ಪ್ರೀಸ್ಟ್. ಜನಾಂಗ, ಬಣ್ಣ, ಧರ್ಮದ ಆಧಾರದ ಮೇಲೆ ಭೇದ ಮಾಡಬಾರದು ಎಂಬ ಮಾತನ್ನು ಅವರು ಕಾನೂನಿನೊಳಗೇ ಸೇರಿಸಿದರು. ಕಾಗದದ ಮೇಲೆ ಅದು ಇತ್ತು. ೧೯೩೫ರಲ್ಲಿ ಫೆಕ್ನರ್ ಕಪ್ಪು ಹುಡುಗರಿಗೆ ಬೇರೆಯೇ ಶಿಬಿರ ಅಂತ ಆಜ್ಞೆ ಮಾಡಿದರು. ಸುಮಾರು ಎರಡು ಲಕ್ಷ ಕಪ್ಪು ಹುಡುಗರು ದಳದಲ್ಲಿ ದುಡಿದರು, ಬಹುಪಾಲು ಬಿಳಿಯ ಅಧಿಕಾರಿಗಳ ಕೈಕೆಳಗೆ. ಶೆನಂಡೋವದಲ್ಲೇ ಕಪ್ಪು ಪ್ರವಾಸಿಗಳಿಗೆ ಅಂತ ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ತಾಣ ೧೯೩೯ರಲ್ಲಿ ತೆರೆಯಿತು. ಆ ಬೇಲಿ ಬಿದ್ದದ್ದು ಎರಡನೇ ಮಹಾಯುದ್ಧದ ನಂತರವೇ. ಮೂಲನಿವಾಸಿಗಳಿಗೆ ಬೇರೆ ವಿಭಾಗವಿತ್ತು, ಅವರು ತಮ್ಮ ತಮ್ಮ ನೆಲದಲ್ಲೇ ಕೆಲಸ ಮಾಡಿದರು.

ಹೆಣ್ಣುಮಕ್ಕಳಿಗೆ ದಳದಲ್ಲಿ ಜಾಗವೇ ಇರಲಿಲ್ಲ. ಎಲಿನಾರ್ ರೂಸ್‌ವೆಲ್ಟ್ ಹಟ ಹಿಡಿದದ್ದರಿಂದ ನ್ಯೂಯಾರ್ಕಿನ ಬೇರ್ ಮೌಂಟನ್‌ನಲ್ಲಿ ಒಂದು ಶಿಬಿರ ಶುರುವಾಗಿ, ಮುಂದೆ ಬೇರೆ ಕಡೆಯೂ ಆದವು. ಪತ್ರಿಕೆಗಳು ‘ಶೀ-ಶೀ-ಶೀ’ ಅಂತ ಗೇಲಿ ಮಾಡಿದವು. ಸುಮಾರು ೮,೫೦೦ ಹೆಂಗಸರು ಸೇರಿದ್ದರು, ೧೯೩೭ರಲ್ಲಿ ಬಾಗಿಲು ಹಾಕಿದರು.

ಮಾಡಿದ್ದೆಲ್ಲ ನೆಲಕ್ಕೆ ಒಳ್ಳೆಯದೇ ಆಯಿತು ಅಂತಲೂ ಹೇಳುವಂತಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಮಣ್ಣು ಹಿಡಿಯಲಿ ಅಂತ ಈ ಹುಡುಗರು ನೆಟ್ಟ ಕುಡ್ಜು ಬಳ್ಳಿ ಇವತ್ತಿಗೂ ಮರ, ಮನೆ, ಕಂಬ ಯಾವುದನ್ನೂ ಬಿಡದೆ ಹಬ್ಬುತ್ತದೆ. ನಮ್ಮ ಲಂಟಾನ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕೆಲಸ ಅಪಾಯದ್ದೂ ಆಗಿತ್ತು. ೧೯೩೭ರ ಆಗಸ್ಟ್‌ನಲ್ಲಿ ವಯೋಮಿಂಗ್‌ನ ಬ್ಲ್ಯಾಕ್‌ವಾಟರ್ ಕಾಡ್ಗಿಚ್ಚಿನಲ್ಲಿ ೧೫ ಜನ ಸತ್ತರು, ಬಹುತೇಕರು ದಳದ ಹುಡುಗರು.

ಈಗ ನನ್ನನ್ನು ಬಹಳ ಕಾಡುವ ಪ್ರಶ್ನೆ. ಇಷ್ಟು ಜನ ಕಾಡಿನ ಕೆಲಸ ಕಲಿತರಲ್ಲ, ಅದೇ ಅವರ ಬದುಕಾಯಿತೇ?

ಕೆಲವರಿಗೆ ಆಯಿತು, ಅದೂ ಹೆಚ್ಚಾಗಿ ಮೇಲಿದ್ದವರಿಗೆ. ರಾಜ್ಯಗಳ ಪಾರ್ಕುಗಳಲ್ಲಿ ದಳದ ಕೆಲಸ ನೋಡಿಕೊಳ್ಳುತ್ತಿದ್ದ ಕಾನ್ರಾಡ್ ವರ್ತ್ ೧೯೫೧ರಲ್ಲಿ ನ್ಯಾಷನಲ್ ಪಾರ್ಕ್ ಸರ್ವೀಸ್‌ನ ನಿರ್ದೇಶಕರಾದರು. ಆದರೆ ಕೊಡಲಿ ಹಿಡಿದಿದ್ದ ಲಕ್ಷಾಂತರ ಹುಡುಗರಿಗೆ ಇಲಾಖೆಯೊಳಗೆ ಹೋಗುವ ಮೆಟ್ಟಿಲನ್ನು ಯಾರೂ ಕಟ್ಟಲಿಲ್ಲ. ದಳವನ್ನು ಕಾಯಂ ಮಾಡಿ ಅಂತ ೧೯೩೭ರಲ್ಲಿ ರೂಸ್‌ವೆಲ್ಟ್ ಕೇಳಿದಾಗ ಸಂಸತ್ತು ಒಪ್ಪದೆ, ಮೂರು ವರ್ಷ ಮುಂದುವರಿಸಿ ಕೈತೊಳೆದುಕೊಂಡಿತು. ೧೯೪೨ರಲ್ಲಿ ಹಣ ನಿಲ್ಲಿಸಿತು. ಹುಡುಗರು ಯುದ್ಧಕ್ಕೆ ಹೋದರು.

ಮುಂದಿನ ಹನ್ನೊಂದು ವರ್ಷದಲ್ಲಿ ಪಾರ್ಕುಗಳ ಸ್ಥಿತಿ ಎಷ್ಟು ಕೆಟ್ಟಿತೆಂದರೆ, ೧೯೫೩ರಲ್ಲಿ ಬರ್ನಾರ್ಡ್ ಡಿವೋಟೋ ಎಂಬ ಲೇಖಕ, ನೋಡಿಕೊಳ್ಳಲು ಆಗದಿದ್ದರೆ ಇವನ್ನು ಮುಚ್ಚಿಬಿಡಿ ಅಂತಲೇ ಹಾರ್ಪರ್ಸ್ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿದ ಎಲಿಜಬೆತ್ ಕುಶ್‌ಮನ್ ಎಂಬ ಕಾಲೇಜು ಹುಡುಗಿ, ವಿದ್ಯಾರ್ಥಿಗಳೇ ಯಾಕೆ ಈ ಕೆಲಸ ಮಾಡಬಾರದು ಅಂತ ೧೯೫೫ರಲ್ಲಿ ತನ್ನ ಪ್ರಬಂಧ ಬರೆದಳು. ಬರೆದು ಸುಮ್ಮನಾಗಲಿಲ್ಲ. ೧೯೫೭ರಲ್ಲಿ ಒಲಿಂಪಿಕ್ ಮತ್ತು ಗ್ರ್ಯಾಂಡ್ ಟೀಟನ್ ಪಾರ್ಕುಗಳಿಗೆ ಮೊದಲ ತಂಡ ಹೋಯಿತು. ಅದೇ ಸ್ಟೂಡೆಂಟ್ ಕನ್ಸರ್ವೇಷನ್ ಅಸೋಸಿಯೇಷನ್. ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದ ಕೆಲಸವನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಒಬ್ಬ ಹುಡುಗಿ. ೧೯೭೦ರಲ್ಲಿ ೧೫ರಿಂದ ೧೮ರ ಮಕ್ಕಳಿಗೆ ಬೇಸಿಗೆಯಲ್ಲಿ ಸಂಬಳ ಕೊಟ್ಟು ಕೆಲಸ ಕಲಿಸುವ ಯೂತ್ ಕನ್ಸರ್ವೇಷನ್ ಕೋರ್ ಕಾನೂನಾಯಿತು, ೧೯೭೬ರಲ್ಲಿ ಕ್ಯಾಲಿಫೋರ್ನಿಯಾ ತನ್ನದೇ ದಳ ಕಟ್ಟಿತು.

ಇದನ್ನೆಲ್ಲ ನಾನು ಕೆದಕಿದ್ದಕ್ಕೆ ಕಾರಣವಿದೆ. ಇಲ್ಲಿನ ನಮ್ಮ ಸ್ನೇಹಿತರೊಬ್ಬರ ಮಗಳು ಒಂದು ಬೇಸಿಗೆ ಇಂಥ ದಳದಲ್ಲಿ ಕಾಲುದಾರಿ ರಿಪೇರಿ ಮಾಡಿ ಬಂದವಳು, ಇದನ್ನೇ ವೃತ್ತಿ ಮಾಡಿಕೊಳ್ತೀನಿ ಅಂದಿದ್ದಾಳೆ. ‘ಸಲಿಕೆ ಹಿಡಿಯೋಕೆ ಇಷ್ಟು ದೂರ ಬರಬೇಕಿತ್ತೇನ್ರೀ? ಅದು ಹೊಟ್ಟೆಗೆ ಹಿಟ್ಟು ಕೊಡುತ್ತಾ?’ ಅಂತ ಅವರಪ್ಪ ನನ್ನನ್ನು ಕೇಳಿದರು.

ಮೆಟ್ಟಿಲು ಈಗ ಇದೆ ಅಂತ ಅವರಿಗೆ ಹೇಳಿದೆ. ಪಬ್ಲಿಕ್ ಲ್ಯಾಂಡ್ಸ್ ಕೋರ್ ಎಂಬ ೧೯೯೩ರ ಕಾನೂನಿನಡಿ ೬೪೦ ಗಂಟೆ ಕೆಲಸ ಪೂರೈಸಿದವರಿಗೆ, ಎರಡು ವರ್ಷದವರೆಗೆ ಪಾರ್ಕ್, ಅರಣ್ಯ ಇಲಾಖೆಗಳ ಹುದ್ದೆಗಳಿಗೆ ಸಾಮಾನ್ಯ ಸ್ಪರ್ಧೆಯಿಲ್ಲದೆ ಸೇರುವ ಅರ್ಹತೆ ಸಿಗುತ್ತದೆ. ಕೆಲಸ ಸಿಕ್ಕೇ ಸಿಗುತ್ತದೆ ಅಂತಲ್ಲ, ಬಾಗಿಲಿನ ತನಕ ದಾರಿ ಅಷ್ಟೆ. ಬಹಳ ಜನ ಮೊದಲು ಸೀಸನಲ್ ನೌಕರರಾಗಿ, ವರ್ಷಕ್ಕೆ ೧,೦೪೦ ಗಂಟೆ ತುಂಬದಂತೆ, ಅಂದರೆ ಆರೇ ತಿಂಗಳು, ವರ್ಷಗಟ್ಟಲೆ ದುಡಿಯುತ್ತಾರೆ. ಉಳಿದ ಆರು ತಿಂಗಳು ಅವರವರ ಪಾಡು.

ಆ ದಾರಿಯೂ ಗಟ್ಟಿಯಿಲ್ಲ. ೨೦೨೩ರಲ್ಲಿ ಘೋಷಿಸಿದ ಅಮೆರಿಕನ್ ಕ್ಲೈಮೇಟ್ ಕೋರ್ ೨೦೨೫ರ ಜನವರಿಯಲ್ಲಿ ಮುಗಿಯಿತು. ಫೆಬ್ರವರಿಯಲ್ಲಿ ಹೊಸದಾಗಿ ಸೇರಿದ್ದ ಸುಮಾರು ಸಾವಿರ ಪಾರ್ಕ್ ನೌಕರರನ್ನು ಒಮ್ಮೆಲೇ ಮನೆಗೆ ಕಳಿಸಿದರು. ಏಪ್ರಿಲ್‌ನಲ್ಲಿ, ಇಂಥ ಎಷ್ಟೋ ದಳಗಳು ನಂಬಿಕೊಂಡಿದ್ದ ಅಮೆರಿಕಾರ್ಪ್ಸ್‌ನ ಸುಮಾರು ೪೦ ಕೋಟಿ ಡಾಲರ್ ಅನುದಾನ ರದ್ದಾಯಿತು. ವಿಷಯ ಕೋರ್ಟು ಮೆಟ್ಟಿಲೇರಿ ಒಂದಷ್ಟು ವಾಪಸ್ಸು ಬಂತು.

೧೯೩೭ರಲ್ಲಿ ಸಂಸತ್ತು ಹೇಳದೇ ಹೇಳಿದ್ದೂ ಇದನ್ನೇ: ನೆಲ ಕಾಯಂ, ಅದನ್ನು ನೋಡಿಕೊಳ್ಳುವ ಕೈ ಮಾತ್ರ ತಾತ್ಕಾಲಿಕ. ಆದರೆ ಕಾಡು ಹಾಗೆ ಒಪ್ಪುವುದಿಲ್ಲ. ಆ ಸ್ಕೈಲೈನ್ ಡ್ರೈವ್ ಗೋಡೆಯೇ ಸಾಕ್ಷಿ. ೧೯೮೦ರ ದಶಕಕ್ಕೆ ಅದು ಅಲ್ಲಲ್ಲಿ ಕುಸಿದು, ಹಳೇ ಕಲ್ಲುಗಳನ್ನೇ ಬಳಸಿ ಮತ್ತೆ ಕಟ್ಟಬೇಕಾಯಿತು. ಕಲ್ಲಿನ ಗೋಡೆಗೇ ಐವತ್ತು ವರ್ಷಕ್ಕೊಮ್ಮೆ ಕೆಲಸ ಬಲ್ಲ ಕೈ ಬೇಕು ಅಂದಮೇಲೆ ಕಾಲುದಾರಿಗೆ, ತೊರೆಗೆ, ಕಾಡಿಗೆ ಪ್ರತಿ ವರ್ಷ ಬೇಡವೇ?

ಅವರಪ್ಪನಿಗೆ ನಾನು ಕೊನೆಗೆ ಹೇಳಿದ್ದು ಇಷ್ಟೆ. ಹಿಟ್ಟು ಸಿಗುತ್ತೆ, ತುಪ್ಪ ಸಿಗಲ್ಲ, ಕೆಲವು ವರ್ಷ ನೀವು ಕೈಹಿಡಿಯಬೇಕಾಗಬಹುದು. ಕೆಲಸವಂತೂ ಮುಗಿಯೋ ಕೆಲಸ ಅಲ್ಲ. ಅವರು ಇನ್ನೂ ಏನೂ ಹೇಳಿಲ್ಲ. ನಿಮ್ಮ ಮನೆಯಲ್ಲಾಗಿದ್ದರೆ ನೀವೇನು ಹೇಳ್ತಿದ್ರಿ?